ಮಿಲ್ಲನ ತಕ್ಕಡಿ

ಗೋವಿನ ಹಾಡನ್ನು ಕೇಳಿ ಬೆಳೆದ ಕನ್ನಡದ ಮಗುವಿಗೆ ನೀತಿಯ ಮೊದಲನೆಯ ಪಾಠವನ್ನು ಹೇಳುವವಳು ಪುಣ್ಯಕೋಟಿ. ಕೊಟ್ಟ ಮಾತಿಗೆ ತಪ್ಪಬಾರದೆಂದು ಆಕೆ ಹುಲಿಯ ಬಳಿಗೆ ಮರಳಿ ಹೋಗುತ್ತಾಳೆ. ತಾನು ಸತ್ತರೆ ಕರು ತಬ್ಬಲಿಯಾಗುವುದು, ಹೋಗದಿದ್ದರೆ ಹುಲಿಗೆ ಒಂದು ಹೊತ್ತಿನ ಊಟ ತಪ್ಪುವುದು, ಈ ಎರಡರಲ್ಲಿ ಯಾವ ದುಃಖ ಹೆಚ್ಚಿನದು ಎಂಬ ಲೆಕ್ಕವನ್ನು ಆಕೆ ಹಾಕುವುದಿಲ್ಲ. ಮಗು ಇನ್ನಷ್ಟು ಬೆಳೆದು ಮಹಾಭಾರತದ ಕಥೆಯನ್ನು ಕೇಳುವ ಹೊತ್ತಿಗೆ ವಿದುರನು ಬಂದು ಬೇರೊಂದು ಪಾಠವನ್ನು ಹೇಳುತ್ತಾನೆ. ಕುಲವು ಉಳಿಯಬೇಕಾದರೆ ಒಬ್ಬನನ್ನು ತೊರೆಯಬೇಕು, ಊರು ಉಳಿಯಬೇಕಾದರೆ ಒಂದು ಕುಲವನ್ನು ತೊರೆಯಬೇಕು. ಆದುದರಿಂದ ಈಗ ಹುಟ್ಟಿದ ಈ ಮಗನನ್ನು ಬಿಟ್ಟುಬಿಡು ಎಂದು ಆತನು ಧೃತರಾಷ್ಟ್ರನಿಗೆ ಬುದ್ಧಿ ಹೇಳುತ್ತಾನೆ. ಒಂದು ಕಡೆ ತೂಗಲೊಲ್ಲದ ಸತ್ಯ. ಇನ್ನೊಂದು ಕಡೆ ತೂಗಿ ನೋಡುವ ವಿವೇಕ. ಎರಡೂ ನಮ್ಮವೇ. ಎರಡನ್ನೂ ಒಪ್ಪಿಕೊಂಡೇ ನಾವು ಬಾಳುತ್ತಿದ್ದೇವೆ. ಆದರೆ ಅವು ಒಂದಕ್ಕೊಂದು ಎದುರಾಗಿ ನಿಂತ ದಿನ ಯಾವುದನ್ನು ಹಿಡಿಯಬೇಕೆಂದು ತಿಳಿಯದೆ ತಬ್ಬಿಬ್ಬಾಗುತ್ತೇವೆ.

ನಾನು ಕೆಲವು ಕಾಲ ನೀತಿಶಾಸ್ತ್ರವನ್ನು ಪಾಠ ಹೇಳಿದವನು. ಬಹುಜನರ ಬಹುಸುಖವನ್ನು ಉಂಟುಮಾಡುವ ಕಾರ್ಯವೇ ಸರಿಯಾದ ಕಾರ್ಯವೆಂಬ ಉಪಯುಕ್ತತಾವಾದವನ್ನು ವಿವರಿಸುತ್ತಿದ್ದ ಒಂದು ದಿನ, ಹಿಂದಿನ ಬೆಂಚಿನಿಂದ ಒಬ್ಬ ವಿದ್ಯಾರ್ಥಿ ಎದ್ದು ನಿಂತು, ಈ ಸಿದ್ಧಾಂತವನ್ನು ಹಿಡಿದುಕೊಂಡು ಯಾರಾದರೂ ನಿಜವಾಗಿ ಬಾಳಿದ್ದುಂಟೆ ಎಂದು ಕೇಳಿದನು. ನಾನು ಪುಸ್ತಕದಲ್ಲಿದ್ದ ಉತ್ತರವನ್ನು ಹೇಳಿ ಅವನನ್ನು ಕೂರಿಸಿದೆನು. ಅವನು ಕೂತನು, ಒಪ್ಪಲಿಲ್ಲ. ಅವನು ಕೇಳಿದ್ದು ವಾದವನ್ನಲ್ಲ, ಒಬ್ಬ ಮನುಷ್ಯನನ್ನು. ಅಂದು ನಾನು ಹೇಳಬೇಕಾಗಿದ್ದುದು ಜಾನ್ ಸ್ಟುವರ್ಟ್ ಮಿಲ್ಲನ ಜೀವನವನ್ನು ಎಂದು ಈಗ ನನಗೆ ತೋರುತ್ತದೆ.

ಮಿಲ್ಲನು 1806ರ ಮೇ 20ರಂದು ಲಂಡನ್ನಿನಲ್ಲಿ ಹುಟ್ಟಿದನು. ತಂದೆ ಜೇಮ್ಸ್ ಮಿಲ್ಲನು ಭಾರತವನ್ನು ಕಣ್ಣಿನಿಂದ ಕಾಣದೆಯೇ ಬ್ರಿಟಿಷ್ ಇಂಡಿಯಾದ ದೊಡ್ಡ ಇತಿಹಾಸವನ್ನು ಬರೆದವನು. ಆತನ ಆಪ್ತಮಿತ್ರನೂ ಗುರುವೂ ಆಗಿದ್ದವನು ಜೆರೆಮಿ ಬೆಂಥಮ್. ಸುಖದುಃಖಗಳೆರಡೇ ಮನುಷ್ಯನ ಒಡೆಯರು, ಕಾನೂನಾಗಲಿ ನೀತಿಯಾಗಲಿ ಆ ಎರಡರ ಲೆಕ್ಕದ ಮೇಲೆಯೇ ನಿಲ್ಲಬೇಕು, ಆ ಲೆಕ್ಕದಲ್ಲಿ ಪ್ರಭುವೂ ಒಂದೇ ತಲೆ, ಭಿಕ್ಷುಕನೂ ಒಂದೇ ತಲೆ ಎಂಬುದು ಬೆಂಥಮ್ಮನ ಮತ. ಈ ಮತಕ್ಕೆ ಒಬ್ಬ ಉತ್ತರಾಧಿಕಾರಿಯನ್ನು ತಯಾರುಮಾಡಬೇಕೆಂದು ಇಬ್ಬರೂ ಸೇರಿ ಮಗುವನ್ನು ಶಾಲೆಗೆ ಕಳುಹಿಸದೆ ಮನೆಯಲ್ಲಿಯೇ ಓದಿಸಿದರು. ಮೂರನೆಯ ವಯಸ್ಸಿಗೆ ಗ್ರೀಕ್, ಎಂಟನೆಯ ವಯಸ್ಸಿಗೆ ಲ್ಯಾಟಿನ್, ಹನ್ನೆರಡಕ್ಕೆ ತರ್ಕಶಾಸ್ತ್ರ. ಆಟವಿಲ್ಲ, ಓರಗೆಯ ಗೆಳೆಯರಿಲ್ಲ. ಹದಿನೈದನೆಯ ವಯಸ್ಸಿನಲ್ಲಿ ಬೆಂಥಮ್ಮನ ಗ್ರಂಥವನ್ನು ಓದಿ ಮುಗಿಸಿದಾಗ ಹುಡುಗನಿಗೆ ಬಾಳಿನ ಗುರಿ ದೊರೆಯಿತು. ಲೋಕವನ್ನು ತಿದ್ದುವುದೇ ಆ ಗುರಿ.

ಆ ಗುರಿಗೆ ಮೊದಲನೆಯ ಪರೀಕ್ಷೆ ಬಹುಬೇಗ ಬಂದಿತು. ಹದಿನೇಳನೆಯ ವಯಸ್ಸಿನಲ್ಲಿ, ಲಂಡನ್ನಿನ ಉದ್ಯಾನವೊಂದನ್ನು ಹಾದು ಹೋಗುತ್ತಿದ್ದಾಗ, ಯಾರೋ ಎಸೆದು ಹೋಗಿದ್ದ ಹಸುಗೂಸಿನ ಶವವನ್ನು ಆತನು ಕಂಡನೆಂದು ಚರಿತ್ರಕಾರರು ಬರೆದಿದ್ದಾರೆ. ಹೆತ್ತವರು ಸಾಕಲಾರದೆ ಹೋದ ಕೂಸು ಅದು. ಬಡವರ ಮನೆಗಳಲ್ಲಿ ಸಾಕುವ ಶಕ್ತಿಯನ್ನು ಮೀರಿ ಮಕ್ಕಳು ಹುಟ್ಟುವುದನ್ನು ತಡೆಯುವ ಉಪಾಯವನ್ನು ತಿಳಿಸುವ ಕರಪತ್ರಗಳು ಆಗ ಗುಟ್ಟಾಗಿ ಅಚ್ಚಾಗುತ್ತಿದ್ದುವು. ಮಿಲ್ಲನು ಅವನ್ನು ಬಡವರ ಕೇರಿಗಳಲ್ಲಿ ಹಂಚಿದನು. ಪೊಲೀಸರು ಹಿಡಿದರು; ಸ್ವಲ್ಪಕಾಲ ಸೆರೆಯಲ್ಲಿದ್ದನು. ಸಭ್ಯಸಮಾಜದ ಕಣ್ಣಿಗೆ ಅದು ಹೇಳಬಾರದ ಅಪರಾಧ. ಐವತ್ತು ವರ್ಷಗಳ ಮೇಲೆ ಆತನು ಸತ್ತಾಗಲೂ ಕೆಲವರು ಅದನ್ನು ಕೆದಕಿ ತೆಗೆದರು. ಆದರೆ ಹುಡುಗನ ಲೆಕ್ಕ ನೇರವಾಗಿದ್ದಿತು: ಸಭ್ಯರ ಕಿವಿಗೆ ಆಗುವ ಮುಜುಗರ ಒಂದು ತಟ್ಟೆಯಲ್ಲಿ, ಆ ಕೂಸು ಮತ್ತು ಅದರ ತಾಯಿ ಇನ್ನೊಂದು ತಟ್ಟೆಯಲ್ಲಿ. ಯಾವ ತಟ್ಟೆ ಕೆಳಗಿಳಿಯಿತೆಂದು ಹೇಳಬೇಕಾದುದಿಲ್ಲ. ಅದುವರೆಗೆ ಯಾರೂ ಲೆಕ್ಕಕ್ಕೆ ಹಿಡಿಯದಿದ್ದವರನ್ನು ಲೆಕ್ಕಕ್ಕೆ ತಂದುದರಲ್ಲಿಯೇ ಆ ಕಾರ್ಯದ ಬೆಲೆಯಿದೆ.

ಎರಡನೆಯ ಪರೀಕ್ಷೆ ಹೊರಗಿನಿಂದ ಬಂದುದಲ್ಲ. 1826ರಲ್ಲಿ, ಇಪ್ಪತ್ತು ವರ್ಷದ ಯುವಕನಾಗಿ, ಆತನು ತನ್ನನ್ನೇ ಒಂದು ಪ್ರಶ್ನೆ ಕೇಳಿಕೊಂಡನು. ತಾನು ಬಯಸಿದ ಸುಧಾರಣೆಗಳೆಲ್ಲ ಈ ಕ್ಷಣದಲ್ಲಿಯೇ ಕೈಗೂಡಿಬಿಟ್ಟರೆ ತನಗೆ ಸುಖವಾದೀತೆ? ಇಲ್ಲ ಎಂದು ಮನಸ್ಸು ಉತ್ತರ ಕೊಟ್ಟಿತು. ಅಲ್ಲಿಗೆ ಬಾಳಿನ ಬುನಾದಿಯೇ ಕುಸಿದಂತಾಯಿತು. ಜಗತ್ತಿನ ಸುಖವನ್ನೆಲ್ಲ ಕೂಡಿಸಲು ಕಲಿತವನ ಎದೆಯಲ್ಲಿ ಒಂದು ಹನಿ ಸುಖವಿರಲಿಲ್ಲ. ತಿಂಗಳುಗಟ್ಟಲೆ ಆತನು ಯಂತ್ರದಂತೆ ಕೆಲಸಮಾಡಿಕೊಂಡಿದ್ದನು. ಕಡೆಗೊಮ್ಮೆ ಮಾರ್ಮೊಂಟೆಲ್ ಎಂಬ ಫ್ರೆಂಚ್ ಲೇಖಕನ ಸ್ಮೃತಿಗಳನ್ನು ಓದುತ್ತಿರುವಾಗ, ತಂದೆಯನ್ನು ಕಳೆದುಕೊಂಡ ಒಬ್ಬ ಹುಡುಗನು ಇನ್ನು ಮೇಲೆ ಮನೆಯವರಿಗೆಲ್ಲ ತಾನೇ ತಂದೆಯಾಗುವೆನೆಂದು ನಿಶ್ಚಯಿಸುವ ಪ್ರಸಂಗ ಬಂದಿತು. ಮಿಲ್ಲನ ಕಣ್ಣಿನಲ್ಲಿ ನೀರು ತುಂಬಿತು. ತಾನು ಕಲ್ಲಲ್ಲವೆಂದು ಆಗ ಆತನಿಗೆ ಗೊತ್ತಾಯಿತು. ಮುಂದೆ ವರ್ಡ್ಸ್‌ವರ್ತನ ಕವಿತೆಗಳು ಆ ಒಣನೆಲಕ್ಕೆ ಮಳೆಯಾದುವು.

ಈ ಸಂಕಟದಿಂದ ಆತನ ಸಿದ್ಧಾಂತವೂ ಬದಲಾಯಿತೆಂದು ನಾನು ತಿಳಿಯುತ್ತೇನೆ. ಬೆಂಥಮ್ಮನ ಪಾಲಿಗೆ ಸುಖವೆಲ್ಲ ಒಂದೇ ಜಾತಿಯದು. ಅಳತೆ ಮಾತ್ರ ಬೇರೆ. ಮಿಲ್ಲನು 1861ರಲ್ಲಿ ಪತ್ರಿಕೆಯೊಂದರಲ್ಲಿ ಬರೆದು 1863ರಲ್ಲಿ ಪುಸ್ತಕವಾಗಿ ಪ್ರಕಟಿಸಿದ ಉಪಯುಕ್ತತಾವಾದದ ಪ್ರಬಂಧದಲ್ಲಿ ಸುಖಗಳಲ್ಲಿ ಮೇಲು ಕೀಳೆಂಬ ಗುಣಭೇದವುಂಟೆಂದು ವಾದಿಸಿದನು. ಇನ್ನೊಂದು ಮಾತನ್ನೂ ಸೇರಿಸಿದನು. ಹೆಜ್ಜೆಹೆಜ್ಜೆಗೂ ಲೆಕ್ಕ ಹಾಕುತ್ತ ಕೂರುವುದು ಸಾಧ್ಯವೂ ಅಲ್ಲ, ಬೇಕಾದುದೂ ಅಲ್ಲ. ನಾವಿಕನು ಸಮುದ್ರದ ನಡುವೆ ನಕ್ಷತ್ರಗಳ ಗಣಿತವನ್ನು ಹೊಸದಾಗಿ ಮಾಡುವುದಿಲ್ಲ. ಮೊದಲೇ ಗಣಿಸಿಟ್ಟ ಪಂಚಾಂಗವನ್ನು ಜೊತೆಯಲ್ಲಿ ಕೊಂಡೊಯ್ಯುತ್ತಾನೆ. ಸತ್ಯ ನುಡಿಯಬೇಕು, ಕೊಂದು ಕದಿಯಬಾರದು ಎಂಬ ನಿಯಮಗಳು ಮನುಷ್ಯಕುಲವು ಅನುಭವದಿಂದ ಗಣಿಸಿಟ್ಟ ಪಂಚಾಂಗ.

ಹಾಗಾದರೆ ಆ ಪಂಚಾಂಗಕ್ಕೆ ಅಪವಾದವೇ ಇಲ್ಲವೆ? ಕೊಲ್ಲಲು ಬಂದವನಿಗೂ ಸುಳ್ಳು ಹೇಳಲಾಗದೆಂದು ಜರ್ಮನಿಯ ಕಾಂಟ್ ಮಹಾಶಯನು ಪಟ್ಟುಹಿಡಿದಿದ್ದನು. ಅಡಗಿಕೊಂಡವರ ದಾರಿಯನ್ನು ಕಳ್ಳರಿಗೆ ತೋರಿಸಿ, ಸತ್ಯವನ್ನೇ ನುಡಿದೆನೆಂಬ ತೃಪ್ತಿಯಿಂದ ನರಕಕ್ಕಿಳಿದ ಕೌಶಿಕನ ಕಥೆಯನ್ನು ಶ್ರೀಕೃಷ್ಣನು ಅರ್ಜುನನಿಗೆ ಹೇಳಿದ್ದು ನಮಗೆ ನೆನಪಿದೆ. ಮಿಲ್ಲನು ಈ ವಿಷಯದಲ್ಲಿ ಕೃಷ್ಣನ ಕಡೆಯವನು. ಆದರೆ ಅಪವಾದದ ಬಾಗಿಲನ್ನು ಆತನು ಬಹಳ ಕಿರಿದಾಗಿ ಇಟ್ಟನು. ಅನ್ಯರನ್ನು ಕೇಡಿನಿಂದ ಕಾಪಾಡುವುದಕ್ಕೆ ಬೇರೆ ದಾರಿಯೇ ಇಲ್ಲದಾಗ ಮಾತ್ರ ಅದು ತೆರೆಯತಕ್ಕದ್ದು. ತನ್ನ ಲಾಭಕ್ಕಾಗಿ ಆ ಬಾಗಿಲನ್ನು ಆತನು ತಟ್ಟಲಿಲ್ಲವೆಂಬುದಕ್ಕೆ ಮುಂದೆ ಒಂದು ನಿದರ್ಶನ ಬರುತ್ತದೆ.

1830ರಲ್ಲಿ ಮಿಲ್ಲನಿಗೆ ಹ್ಯಾರಿಯೆಟ್ ಟೇಲರ್ ಎಂಬಾಕೆಯ ಪರಿಚಯವಾಯಿತು. ಆಕೆ ವಿವಾಹಿತೆ, ಮಕ್ಕಳ ತಾಯಿ. ಇಪ್ಪತ್ತು ವರ್ಷಗಳ ಆ ಸ್ನೇಹವನ್ನು ಕುರಿತು ಲಂಡನ್ ನಗರವು ಆಡಿಕೊಳ್ಳದೆ ಬಿಡಲಿಲ್ಲ. ಆಕೆಯ ಪತಿ 1849ರಲ್ಲಿ ತೀರಿಕೊಂಡ ಮೇಲೆ, 1851ರಲ್ಲಿ ಅವರು ಮದುವೆಯಾದರು. ಅಂದಿನ ಇಂಗ್ಲೆಂಡಿನ ಕಾನೂನು ಹೆಂಡತಿಯ ಆಸ್ತಿಯನ್ನೂ ಸ್ವಾತಂತ್ರ್ಯವನ್ನೂ ಗಂಡನ ಕೈಗೆ ಕೊಡುತ್ತಿದ್ದಿತು. ಮದುವೆಗೆ ಮುಂಚೆ ಮಿಲ್ಲನು ಒಂದು ಹೇಳಿಕೆಯನ್ನು ಬರೆದಿಟ್ಟು, ಆ ಅಧಿಕಾರಗಳು ಅನ್ಯಾಯದವೆಂದೂ, ಅವನ್ನು ಕಾನೂನಿನಂತೆ ಬಿಟ್ಟುಕೊಡಲು ದಾರಿಯಿಲ್ಲವಾದುದರಿಂದ ಎಂದಿಗೂ ಅವನ್ನು ಬಳಸುವುದಿಲ್ಲವೆಂದು ಮಾತು ಕೊಡುವೆನೆಂದೂ ಸಾರಿದನು. ಆ ಕಾಗದಕ್ಕೆ ನ್ಯಾಯಾಲಯದಲ್ಲಿ ಬೆಲೆಯಿಲ್ಲ. ಆದರೂ ಬರೆದನು. ಇಲ್ಲಿ ಲೆಕ್ಕಿಗನಾದ ಮಿಲ್ಲನು ಪುಣ್ಯಕೋಟಿಯ ಹತ್ತಿರಕ್ಕೆ ಬಂದಂತೆ ನನಗೆ ತೋರುತ್ತದೆ.

ಇನ್ನು ನಮಗೆ ಸಂಬಂಧಪಟ್ಟ ಭಾಗಕ್ಕೆ ಬರಬೇಕು. ಅದನ್ನು ಬಿಟ್ಟು ಮಿಲ್ಲನನ್ನು ಹೊಗಳಿದರೆ ಅದು ಅರ್ಧ ಸತ್ಯವಾದೀತು. 1823ರಿಂದ 1858ರವರೆಗೆ, ಮೂವತ್ತೈದು ವರ್ಷ, ಆತನ ಅನ್ನದ ದಾರಿ ಲಂಡನ್ನಿನ ಇಂಡಿಯಾ ಹೌಸ್, ಎಂದರೆ ಈಸ್ಟ್ ಇಂಡಿಯಾ ಕಂಪನಿಯ ಕಚೇರಿ. ದೇಶೀಯ ಸಂಸ್ಥಾನಗಳಿಗೆ ಸಂಬಂಧಿಸಿದ ರಾಜಕೀಯ ಪತ್ರಗಳ ಕರಡನ್ನು ಸಿದ್ಧಪಡಿಸುವುದು ಬಹುಕಾಲ ಆತನ ಮುಖ್ಯ ಕೆಲಸವಾಗಿದ್ದಿತು. 1831ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರ ಕೈಯಿಂದ ಮೈಸೂರಿನ ಆಡಳಿತವನ್ನು ಕಂಪನಿ ಕಸಿದುಕೊಂಡಾಗಲೂ, 1834ರಲ್ಲಿ ಕೊಡಗು ಕಂಪನಿಯ ಕೈಸೇರಿದಾಗಲೂ ಆತನು ಆ ಕಚೇರಿಯ ಮೇಜಿನ ಮುಂದೆ ಕುಳಿತಿದ್ದನು. ತಂದೆಯಂತೆ ಆತನೂ ಭಾರತವನ್ನು ಒಮ್ಮೆಯೂ ಕಾಣಲಿಲ್ಲ.

ಆತನು ನಮ್ಮ ವಿಷಯದಲ್ಲಿ ತಂದೆಯಷ್ಟು ತಾತ್ಸಾರದವನಲ್ಲ. ಸಂಸ್ಕೃತ ಅರಬ್ಬೀ ವಿದ್ಯೆಗಳಿಗೆ ಸಲ್ಲುತ್ತಿದ್ದ ನೆರವನ್ನು ನಿಲ್ಲಿಸಹೊರಟ ಮೆಕಾಲೆಯ ನೀತಿಯನ್ನು ವಿರೋಧಿಸಿ ಆತನು 1836ರಲ್ಲಿ ಕರಡೊಂದನ್ನು ಬರೆದನು. ಮೇಲಿನವರು ಅದನ್ನು ತಳ್ಳಿಹಾಕಿದರು. ಆದರೆ 1859ರಲ್ಲಿ ಪ್ರಕಟವಾದ, ಸ್ವಾತಂತ್ರ್ಯವನ್ನು ಕುರಿತ ಆತನ ಪ್ರಸಿದ್ಧ ಗ್ರಂಥವನ್ನು ತೆರೆದರೆ ಮೊದಲನೆಯ ಅಧ್ಯಾಯದಲ್ಲಿಯೇ ಒಂದು ಮುಳ್ಳು ತಾಗುತ್ತದೆ. ಈ ಸ್ವಾತಂತ್ರ್ಯತತ್ತ್ವವು ಬೆಳೆದ ಜನಾಂಗಗಳಿಗೆ ಮಾತ್ರ ಅನ್ವಯಿಸುವುದೆಂದೂ, ಹಿಂದುಳಿದವರ ವಿಷಯದಲ್ಲಿ ಅವರ ಏಳಿಗೆಯೇ ಗುರಿಯಾಗಿದ್ದರೆ ನಿರಂಕುಶ ಪ್ರಭುತ್ವವೂ ನ್ಯಾಯವಾದುದೆಂದೂ ಆತನು ಅಲ್ಲಿ ಒಪ್ಪಿಕೊಳ್ಳುತ್ತಾನೆ. ನಾನು ಮೊದಲ ಸಲ ಅದನ್ನು ಓದಿದಾಗ ಪುಸ್ತಕವನ್ನು ಮುಚ್ಚಿಟ್ಟೆನು. ಪ್ರಭುವಿಗೂ ಒಂದು ತಲೆ, ಭಿಕ್ಷುಕನಿಗೂ ಒಂದು ತಲೆ ಎಂದು ಕಲಿತವನ ಲೆಕ್ಕದಲ್ಲಿ ನಮ್ಮ ತಲೆಗಳ ಎಣಿಕೆಯಿತ್ತು; ನಮ್ಮ ಬಾಯಿಗೆ ಮಾತ್ರ ಎಡೆಯಿರಲಿಲ್ಲ. ನಮ್ಮ ಸುಖ ಯಾವುದೆಂದು ನಮ್ಮನ್ನು ಕೇಳದೆ ಲಂಡನ್ನಿನಲ್ಲಿ ಕುಳಿತು ನಿರ್ಧರಿಸಬಹುದಾಗಿದ್ದಿತು. ಕೊಳ್ಳುವವನನ್ನು ಅಂಗಡಿಯ ಹೊರಗೆ ನಿಲ್ಲಿಸಿ ತೂಗಿದ ತೂಕ ಅದು. ತಕ್ಕಡಿ ಒಳ್ಳೆಯದಿರಬಹುದು, ತೂಗುವವನು ಪ್ರಾಮಾಣಿಕನೂ ಇರಬಹುದು. ಆದರೂ ಆ ತೂಕವನ್ನು ನಂಬುವಂತಿಲ್ಲ.

1857ರ ದಂಗೆಯ ಮೇಲೆ ಕಂಪನಿಯ ಆಡಳಿತವನ್ನು ರದ್ದುಮಾಡುವ ಮಾತು ಬಂದಾಗ, ಕಂಪನಿಯನ್ನು ಸಮರ್ಥಿಸುವ ಮನವಿಯನ್ನು ಬರೆದುಕೊಟ್ಟವನೂ ಮಿಲ್ಲನೇ. ಅದು ಫಲಿಸದೆ ಹೋಗಿ, 1858ರಲ್ಲಿ ನಿವೃತ್ತನಾದನು. ಅದೇ ವರ್ಷದ ನವೆಂಬರಿನಲ್ಲಿ ಫ್ರಾನ್ಸಿನ ಅವಿನ್ಯೋನ್ ಪಟ್ಟಣದಲ್ಲಿ ಹ್ಯಾರಿಯೆಟ್ ತೀರಿಕೊಂಡಳು. ಆಕೆಯ ಸಮಾಧಿಯ ಸಮೀಪದಲ್ಲಿ ಒಂದು ಪುಟ್ಟ ಮನೆಯನ್ನು ಕೊಂಡು, ವರ್ಷದ ಬಹುಭಾಗವನ್ನು ಆತನು ಅಲ್ಲಿಯೇ ಕಳೆಯತೊಡಗಿದನು.

ಆ ಏಕಾಂತದಿಂದ ಆತನನ್ನು ಎಳೆದು ತಂದುದು 1865ರ ಚುನಾವಣೆ. ವೆಸ್ಟ್‌ಮಿನ್‌ಸ್ಟರಿನ ಮತದಾರರು ಕೇಳಿಕೊಂಡಾಗ, ತಾನು ಹಣ ಖರ್ಚುಮಾಡುವುದಿಲ್ಲ, ಮತಕ್ಕಾಗಿ ಮನೆಮನೆ ತಿರುಗುವುದಿಲ್ಲ, ಹೆಂಗಸರಿಗೂ ಮತವಿರಬೇಕೆಂಬ ತನ್ನ ಅಭಿಪ್ರಾಯವನ್ನು ಮುಚ್ಚಿಡುವುದಿಲ್ಲ ಎಂದು ಮೊದಲೇ ತಿಳಿಸಿದನು. ಕೂಲಿಕಾರರೇ ಹೆಚ್ಚಾಗಿ ನೆರೆದಿದ್ದ ಒಂದು ಸಭೆಯಲ್ಲಿ ಯಾರೋ ಆತನ ಹಳೆಯ ಪುಸ್ತಿಕೆಯ ಮಾತೊಂದನ್ನು ಎತ್ತಿದರು. ಇಂಗ್ಲೆಂಡಿನ ಕಾರ್ಮಿಕರು ಸುಳ್ಳಿಗೆ ನಾಚುವವರಾದರೂ ಸಾಮಾನ್ಯವಾಗಿ ಸುಳ್ಳುಗಾರರೇ ಎಂದು ಅದರಲ್ಲಿದ್ದಿತು. ಇದನ್ನು ಬರೆದವರು ನೀವೇ ಏನು ಎಂದು ಕೇಳಿದರು. ಗೆಲುವಿನಿಂದ ಲೋಕಕ್ಕಾಗುವ ಹಿತವನ್ನು ನೆನೆದು ಸ್ವಲ್ಪ ಸುತ್ತಿಬಳಸಿ ಉತ್ತರ ಕೊಡಬಹುದಾಗಿದ್ದಿತು. ಲೆಕ್ಕಿಗನಿಗೆ ಅಂಥ ನೆವ ಬಹು ಸುಲಭವಾಗಿ ದೊರೆಯುತ್ತದೆ. ಮಿಲ್ಲನು ಹೌದೆಂದು ಒಂದೇ ಮಾತಿನಲ್ಲಿ ಒಪ್ಪಿಕೊಂಡನು. ಸಭೆ ಚಪ್ಪಾಳೆಯಿಂದ ತುಂಬಿತು. ತಮ್ಮನ್ನು ಮುಖಸ್ತುತಿ ಮಾಡದ ಒಬ್ಬ ಸ್ನೇಹಿತನನ್ನು ಆ ಶ್ರಮಜೀವಿಗಳು ಗುರುತಿಸಿದರು. ಆತನು ಗೆದ್ದನು.

ಅದೇ ವರ್ಷದ ಅಕ್ಟೋಬರಿನಲ್ಲಿ ಜಮೈಕಾ ದ್ವೀಪದ ಮೊರಾಂಟ್ ಬೇ ಎಂಬಲ್ಲಿ ಕಪ್ಪುಜನರ ದಂಗೆಯೆದ್ದು ಕೆಲವು ಮಂದಿ ಅಧಿಕಾರಿಗಳೂ ಇತರರೂ ಹತರಾದರು. ಗವರ್ನರ್ ಐರ್ ಎಂಬಾತನು ಸೈನಿಕ ಶಾಸನವನ್ನು ಹೇರಿದನು. ರಾಜಾಯೋಗದ ವರದಿಯಂತೆ 439 ಜನ ಪ್ರಾಣ ನೀಗಿದರು, 600 ಜನಕ್ಕೆ ಕಡಮೆಯಿಲ್ಲದಂತೆ ಚಾವಟಿಯ ಏಟು ಬಿದ್ದಿತು, 1000 ಮನೆಗಳು ಸುಟ್ಟುಹೋದುವು. ದ್ವೀಪದ ಶಾಸನಸಭೆಯ ಸದಸ್ಯನಾಗಿದ್ದ ಜಾರ್ಜ್ ವಿಲಿಯಂ ಗಾರ್ಡನ್ ಎಂಬಾತನನ್ನು ಸೈನಿಕ ಶಾಸನವಿಲ್ಲದ ಕಿಂಗ್‌ಸ್ಟನ್ನಿನಿಂದ ಅದು ಜಾರಿಯಲ್ಲಿದ್ದ ಕಡೆಗೆ ಒಯ್ದು, ಸೈನಿಕ ನ್ಯಾಯಾಲಯದ ಮುಂದೆ ನಿಲ್ಲಿಸಿ ಗಲ್ಲಿಗೇರಿಸಿದರು.

ಐರನ ಸಮರ್ಥಕರ ವಾದವನ್ನು ವಾಚಕರು ಗಮನಿಸಬೇಕು. ಕೆಲವು ನೂರು ಜನರ ಸಾವಿನಿಂದ ದ್ವೀಪದ ಬಿಳಿಯರೆಲ್ಲರ ಪ್ರಾಣ ಉಳಿಯಿತು. ಆದುದರಿಂದ ಐರನು ರಕ್ಷಕನು ಎಂದು ಅವರು ಹೇಳಿದರು. ಕಾರ್ಲೈಲ್, ರಸ್ಕಿನ್, ಟೆನಿಸನ್, ಡಿಕನ್ಸ್‌ರಂಥ ಸಾಹಿತಿಗಳೇ ಆ ಕಡೆ ನಿಂತರು. ಆದರೆ ಅದು ಉಪಯುಕ್ತತಾವಾದದ ನುಡಿಯಲ್ಲವೆ? ಆ ನುಡಿಯ ಆಚಾರ್ಯನಾದ ಮಿಲ್ಲನು ಮಾತ್ರ ಜಮೈಕಾ ಸಮಿತಿಯ ಅಧ್ಯಕ್ಷನಾಗಿ ಐರನನ್ನು ಕೊಲೆಯ ಆರೋಪದ ಮೇಲೆ ನ್ಯಾಯಾಲಯಕ್ಕೆ ತರಬೇಕೆಂದು ಹೊರಟನು. ಡಾರ್ವಿನ್ನನೂ ಹಕ್ಸ್ಲಿಯೂ ಆತನ ಜೊತೆಗಿದ್ದರು. ಮಿಲ್ಲನ ಲೆಕ್ಕದಲ್ಲಿ ಎರಡು ಅಂಕಿಗಳು ಹೆಚ್ಚಾಗಿದ್ದುವು. ಕಪ್ಪುಜನರ ಪ್ರಾಣ ಬಿಳಿಯರ ಪ್ರಾಣದಷ್ಟೇ ತೂಕದ್ದೆಂಬುದು ಒಂದು. ಅಧಿಕಾರಿಯ ಭಯವೇ ಕಾನೂನಾಗುವ ನಾಡಿನಲ್ಲಿ ಯಾರಿಗೂ, ಎಂದಿಗೂ ನೆಮ್ಮದಿಯಿಲ್ಲವೆಂಬುದು ಇನ್ನೊಂದು. ನ್ಯಾಯವೆಂಬುದು ಸುಖದ ಲೆಕ್ಕಕ್ಕೆ ಹೊರಗಾದುದಲ್ಲ, ಆ ಲೆಕ್ಕದ ಅಡಿಗಲ್ಲು ಎಂದು ಆತನು ಪ್ರಬಂಧದಲ್ಲಿ ಬರೆದುದು ಇಲ್ಲಿ ಕಾರ್ಯವಾಯಿತು. ಬೈಗುಳದ ಪತ್ರಗಳೂ ಕೊಲೆಯ ಬೆದರಿಕೆಗಳೂ ಬಂದುವು. ಮೊಕದ್ದಮೆ ನಿಲ್ಲಲಿಲ್ಲ, ಐರನಿಗೆ ಶಿಕ್ಷೆಯಾಗಲಿಲ್ಲ.

ಜಮೈಕಾದ ಈ ಹೋರಾಟದ ನಡುವೆಯೇ ನಮ್ಮ ನಾಡಿನ ಋಣವೂ ಸ್ವಲ್ಪ ತೀರಿತು. ಮುಮ್ಮಡಿ ಕೃಷ್ಣರಾಜ ಒಡೆಯರು 1865ರಲ್ಲಿ ಚಾಮರಾಜೇಂದ್ರರನ್ನು ದತ್ತು ತೆಗೆದುಕೊಂಡಿದ್ದರು. ಸರ್ಕಾರ ಆ ದತ್ತನ್ನು ಒಪ್ಪದೆ, ಮಹಾರಾಜರ ಕಾಲಾನಂತರ ಮೈಸೂರು ಬ್ರಿಟಿಷರ ಸ್ವತ್ತಾಗುವ ಸೂಚನೆಗಳಿದ್ದುವು. ಮೈಸೂರಿನಲ್ಲಿ ದೇಶೀಯ ಪ್ರಭುತ್ವವನ್ನು ಉಳಿಸಬೇಕೆಂದು ಕೋರಿದ ಮನವಿಯನ್ನು 1866ರಲ್ಲಿ ಹೌಸ್ ಆಫ್ ಕಾಮನ್ಸಿನ ಮುಂದಿಟ್ಟವನು ಮಿಲ್ಲನು. ಅನೇಕರ ಶ್ರಮದ ಫಲವಾಗಿ 1867ರಲ್ಲಿ ದತ್ತಿಗೆ ಮನ್ನಣೆ ದೊರೆತು, 1881ರಲ್ಲಿ ಸಂಸ್ಥಾನವು ಚಾಮರಾಜೇಂದ್ರರಿಗೆ ಮರಳಿ ಬಂದಿತು. ನಿರಂಕುಶ ಪ್ರಭುತ್ವವನ್ನು ಒಪ್ಪಿದ ಆ ವಾಕ್ಯವನ್ನು ಈ ಮನವಿ ಅಳಿಸಲಾರದು. ಆದರೆ ಅದರ ಪಕ್ಕದಲ್ಲಿ ಇದನ್ನೂ ಬರೆದಿಡುವುದು ನ್ಯಾಯ.

1867ರ ಮೇ 20, ಮಿಲ್ಲನ ಅರುವತ್ತೊಂದನೆಯ ಹುಟ್ಟುಹಬ್ಬ. ಆ ದಿನ ಆತನು ಮತದಾನದ ಮಸೂದೆಯಲ್ಲಿ ಪುರುಷನೆಂದಿದ್ದ ಕಡೆ ವ್ಯಕ್ತಿ ಎಂದು ತಿದ್ದಬೇಕೆಂದು ಸೂಚಿಸಿದನು. ಪರವಾಗಿ 73, ವಿರೋಧವಾಗಿ 196 ಮತಗಳು ಬಂದುವು. ಸೋಲೇ ಸರಿ; ಆದರೂ 73 ಗಂಡಸರು ಒಪ್ಪಿದರಲ್ಲ ಎಂದು ಆತನು ಹಿಗ್ಗಿದನು.

ಮರುವರ್ಷದ ಏಪ್ರಿಲಿನಲ್ಲಿ ಆತನ ಮಿತ್ರರೆಲ್ಲ ಬೆರಗಾದರು. ಮರಣದಂಡನೆಯನ್ನು ತೆಗೆದುಹಾಕಬೇಕೆಂಬ ಸೂಚನೆಯನ್ನು ಮಿಲ್ಲನು ವಿರೋಧಿಸಿದನು. ಘೋರ ಕೊಲೆಗಾರನನ್ನು ಬಾಳೆಲ್ಲ ಸೆರೆಮನೆಯ ಕಠಿಣ ದುಡಿಮೆಯಲ್ಲಿ ಕೊಳೆಯಿಸುವುದಕ್ಕಿಂತ ಮರಣವು ಕಡಮೆ ಕ್ರೂರವೆಂದೂ, ನೋಡುವವರಿಗೆ ಹೆಚ್ಚು ಭಯವನ್ನುಂಟುಮಾಡುವುದೆಂದೂ ಆತನ ವಾದ. ಇದೇ ತಕ್ಕಡಿಯಿಂದ ತೂಗಿದ ಬೆಂಥಮ್ಮನು ಮರಣದಂಡನೆ ಬೇಡವೆಂದಿದ್ದನು. ಗುರು ಶಿಷ್ಯರಿಬ್ಬರೂ ಪ್ರಾಮಾಣಿಕರು, ತಕ್ಕಡಿ ಒಂದೇ, ತೂಕ ಮಾತ್ರ ಬೇರೆ! ಸಾವನ್ನು ಕಂಡು ಬಂದು ಹೇಳಿದವರಿಲ್ಲದಿರುವಾಗ ಸೆರೆಯ ದುಃಖವನ್ನೂ ಸಾವಿನ ದುಃಖವನ್ನೂ ಹೋಲಿಸುವ ಕಲ್ಲು ಯಾರ ಬಳಿಯಿದೆ? ನಿರಪರಾಧಿ ಗಲ್ಲಿಗೇರಿದರೆ ತಿದ್ದಲಾಗದೆಂಬುದನ್ನು ಮಿಲ್ಲನೂ ಬಲ್ಲನು. ಆದರೆ ಇಂಗ್ಲೆಂಡಿನ ನ್ಯಾಯಪದ್ಧತಿಯಲ್ಲಿ ಅದು ಬಹು ಅಪರೂಪವೆಂದು ನಂಬಿದನು. ಆ ನಂಬಿಕೆ ನನಗಿಲ್ಲ. ಇಲ್ಲಿ ನಾನು ಆತನ ಜೊತೆಯಲ್ಲಿ ಹೋಗಲಾರೆನು.

1868ರ ಚುನಾವಣೆಯಲ್ಲಿ ಮಿಲ್ಲನು ಸೋತು ಅವಿನ್ಯೋನಿಗೆ ಮರಳಿದನು. 1869ರಲ್ಲಿ ಸ್ತ್ರೀಯರ ಪರಾಧೀನತೆಯನ್ನು ಕುರಿತ ಗ್ರಂಥವನ್ನು ಹೊರತಂದನು. 1873ರ ಮೇ 7ರಂದು ತೀರಿಕೊಂಡನು. ಹ್ಯಾರಿಯೆಟ್ಟಳ ಪಕ್ಕದಲ್ಲಿಯೇ ಆತನನ್ನು ಮಣ್ಣುಮಾಡಿದರು.

ಹಿಂದಿನ ಬೆಂಚಿನ ಆ ವಿದ್ಯಾರ್ಥಿ ಈಗ ಎಲ್ಲಿರುವನೋ ನಾನರಿಯೆ. ಸಿಕ್ಕಿದರೆ ಹೇಳಬೇಕೆಂದಿರುವುದು ಇಷ್ಟು. ಬಾಳಿದವನುಂಟು, ಅಪ್ಪ. ಆತನು ಒಮ್ಮೊಮ್ಮೆ ತಪ್ಪಿದನು. ಲೆಕ್ಕ ಹಾಕಿದ್ದರಿಂದ ತಪ್ಪಿದನೆಂದು ನಾನು ತಿಳಿದಿದ್ದೆನು. ಈಗ ಹಾಗೆ ತೋರುವುದಿಲ್ಲ. ಅನಾಥ ಕೂಸು, ಹೆಂಡತಿ, ಜಮೈಕಾದ ಬಡವ ಇವರನ್ನೆಲ್ಲ ತನ್ನಷ್ಟೇ ಪೂರ್ಣ ಮನುಷ್ಯರೆಂದು ಎಣಿಸಿದಾಗ ಆತನ ತೂಕ ಸರಿಬಂದಿತು. ನಮ್ಮನ್ನು ಕೇಳದೆ ನಮ್ಮ ಹಿತವನ್ನು ತೂಗಿದಾಗ ತಪ್ಪಿತು. ಇನ್ನೊಬ್ಬರ ಒಳಿತಿಗಾಗಿಯೇ ಎಂದು ಅಧಿಕಾರಿಯೋ ಉಪಾಧ್ಯಾಯನೋ ಮನೆಯ ಹಿರಿಯನೋ ಏನನ್ನಾದರೂ ನಿಶ್ಚಯಿಸುವಾಗ ಆ ಇನ್ನೊಬ್ಬರನ್ನು ಒಳಗೆ ಕರೆದು ಕೂರಿಸಿಕೊಂಡಿದ್ದಾನೆಯೆ ಎಂದು ನೋಡಿಕೊಳ್ಳಬೇಕು. ಅಂದು ತರಗತಿಯಲ್ಲಿ ನಾನು ನಿನ್ನನ್ನು ಕೂರಿಸಿದ್ದು ಆ ರೀತಿಯಲ್ಲಿ ಅಲ್ಲ. ಅದಕ್ಕಾಗಿ ಈ ಬರಹ.